ಪೆಟ್ಟು ಕೊಟ್ಟು ಅದನ್ನೇ ಚಿಕಿತ್ಸೆ ಅಂದರೆ

ಒಂದು ಮಳೆಗಾಲದ ಕೊನೆಯಲ್ಲಿ ಮಲ್ಪೆ ಕಡೆಯ ಒಬ್ಬ ಹೆಂಗಸು ಉಡುಪಿಯ ನನ್ನ ಕಚೇರಿಗೆ ಬಂದರು. ಜೊತೆಗೆ ಬೋಟಿನಲ್ಲಿ ದುಡಿಯುವ ತಮ್ಮ. ತಲೆ ನುಣ್ಣಗೆ ಬೋಳಿಸಿತ್ತು. ಕುರ್ಚಿಗೆ ಬೆನ್ನು ತಾಗಿಸದೆ ಕುಳಿತಿದ್ದ.

ಮೀನುಗಾರಿಕೆಗೆ ನಿಷೇಧ ಇರುವ ಕಾರಣ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಸುಮ್ನೆ ಕುಳಿತರೆ ಕುಡಿಯುವುದು ಜಾಸ್ತಿ ಆಗುತ್ತದೆ ಅಂತ ಮನೆಯವರು ಅವನನ್ನು ಒಂದು ಖಾಸಗಿ ಡಿ-ಅಡಿಕ್ಷನ್ ಸೆಂಟರಿಗೆ ಸೇರಿಸಿದ್ದರು. 40 ದಿನ ಅಲ್ಲಿದ್ದ.

"ವಕೀಲರೇ, ಡಾಕ್ಟರ ಮೇಲೆ ಕೇಸು ಹಾಕಲಿಕ್ಕೆ ಆಗ್ತದಾ?" ಎಂದು ಅಕ್ಕ ಕೇಳಿದರು.

"ಪೆಟ್ಟು ಕೊಟ್ಟದ್ದು ಡಾಕ್ಟರಾ?"

"ಅಲ್ಲ. ಡಾಕ್ಟರನ್ನು ಇವ ನೋಡಿಯೇ ಇಲ್ಲ. ಅಲ್ಲಿಯ ಹುಡುಗರು."

ನನ್ನ ಹತ್ತಿರ ಬರುವ ಹೆಚ್ಚಿನವರು ಇಲ್ಲೇ ದಾರಿ ತಪ್ಪುತ್ತಾರೆ. ಆಸ್ಪತ್ರೆಯ ಮೇಲಿನ ದೂರು ಎಂದರೆ ವೈದ್ಯಕೀಯ ನಿರ್ಲಕ್ಷ್ಯ ಎಂದೇ ಅವರ ಲೆಕ್ಕ. ನಿರ್ಲಕ್ಷ್ಯದ ಕ್ರಿಮಿನಲ್ ಕೇಸು ನಿಜಕ್ಕೂ ಕಷ್ಟ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವೈದ್ಯರಿಗೆ ದೊಡ್ಡ ರಕ್ಷಣೆ ಕೊಟ್ಟಿದೆ. ತಪ್ಪು ತೀರಾ ಗಂಭೀರವಾಗಿರಬೇಕು. ಕ್ರಮಕ್ಕೆ ಮೊದಲು ಪೊಲೀಸರು ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕು. ಆದರೆ ಬೆಲ್ಟಿನಲ್ಲಿ ಹೊಡೆಯುವುದು, ಕೋಣೆಯಲ್ಲಿ ಕೂಡಿ ಹಾಕುವುದು, ಕೈಕಾಲು ಕಟ್ಟುವುದು ನಿರ್ಲಕ್ಷ್ಯವಲ್ಲ. ಅದು ಹಲ್ಲೆ. ಹಲ್ಲೆಯನ್ನು ಹಲ್ಲೆ ಎನ್ನಲು ಯಾವ ತಜ್ಞರ ಸರ್ಟಿಫಿಕೇಟೂ ಬೇಡ.

ಆ ಅಕ್ಕನನ್ನು ಇನ್ನೊಂದು ಸಂಗತಿ ಒಳಗೊಳಗೇ ಕೊರೆಯುತ್ತಿತ್ತು. ಸೇರಿಸುವ ದಿನ ಅವರೇ, "ಮಾತು ಕೇಳದಿದ್ದರೆ ಎರಡು ಬಿಗೀರಿ" ಎಂದಿದ್ದರಂತೆ. ಫಾರ್ಮಿಗೂ ಅವರದ್ದೇ ಸಹಿ. ಈಗ ದೂರು ಕೊಟ್ಟರೆ ತಾನೇ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ. ನಾನು ಹೇಳಿದ್ದು ಇಷ್ಟೆ: ತಮ್ಮನ ಬೆನ್ನಿನ ಪರವಾಗಿ ಒಪ್ಪಿಗೆ ಕೊಡಲು ಅಕ್ಕನಿಗೆ ಅಧಿಕಾರ ಇಲ್ಲ. ಫಾರ್ಮಿನ ಸಹಿ ಚಿಕಿತ್ಸೆಗೆ ಮಾತ್ರ.

ಕುಡಿತ ಬಿಡಿಸುವ ಕೇಂದ್ರಕ್ಕೂ ಮಾನಸಿಕ ಆರೋಗ್ಯದ ಕಾನೂನಿಗೂ ಎಂತ ಸಂಬಂಧ ಅಂತ ಕೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅನಾರೋಗ್ಯದೊಳಗೆ ಸೇರಿಸಿದೆ. ಅಂಥವರನ್ನು ಒಳರೋಗಿಯಾಗಿ ಇಟ್ಟುಕೊಳ್ಳುವ ಕೇಂದ್ರ ನೋಂದಣಿ ಮಾಡಿಸಬೇಕು. "ಇದು ಆಸ್ಪತ್ರೆ ಅಲ್ಲ ಮಾರಾಯ್ರೆ, ಸೇವಾ ಕೇಂದ್ರ" ಎಂಬ ಮಾತು ನಡೆಯುವುದಿಲ್ಲ.

ಈ ಕಾಯ್ದೆಯ 20ನೇ ಕಲಂ ಓದಿದಾಗ ಆ ಹುಡುಗನನ್ನು ನೋಡಿಯೇ ಬರೆದ ಹಾಗಿದೆ ಅನ್ನಿಸಿತು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಯೂನಿಫಾರ್ಮ್ ಹಾಕಿಸುವಂತಿಲ್ಲ, ಬೇಕೆಂದವರು ತಮ್ಮ ಬಟ್ಟೆ ಹಾಕಿಕೊಳ್ಳಬಹುದು. ಬಲವಂತವಾಗಿ ಕೆಲಸ ಮಾಡಿಸುವಂತಿಲ್ಲ, ರೋಗಿ ಮಾಡಿದ ಕೆಲಸಕ್ಕೆ ಸರಿಯಾದ ಸಂಬಳ ಕೊಡಬೇಕು. 95ನೇ ಕಲಮಿನಂತೆ ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ತಮಿಳುನಾಡಿನ ಏರ್ವಾಡಿಯ ಮಾನಸಿಕ ರೋಗಿಗಳ ಆಶ್ರಮಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ರೋಗಿಗಳು ಸತ್ತದ್ದು ಸರಪಳಿ ಬಿಚ್ಚಿಕೊಳ್ಳಲು ಆಗದೆ. ಕಟ್ಟಲೇಬೇಕಾದ ತುರ್ತು ಬಂದರೂ ಮನೋವೈದ್ಯರ ಅನುಮತಿ ಬೇಕು, ಕಾರಣ ದಾಖಲೆಯಲ್ಲಿರಬೇಕು. ಶಿಕ್ಷೆಗಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಸಾಲದು ಎಂದೂ ಕಟ್ಟುವಂತಿಲ್ಲ. ಈ ಕೊನೆಯ ಕಾರಣವನ್ನೇ ನಾನು ಅತಿ ಹೆಚ್ಚು ಕೇಳಿದ್ದೇನೆ.

ಉಲ್ಲಂಘಿಸಿದವರಿಗೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 2 ವರ್ಷದವರೆಗೆ ಜೈಲು, ದಂಡ 5 ಲಕ್ಷದವರೆಗೆ ಏರಬಹುದು. ದೂರನ್ನು ಮೊದಲು ಕೇಂದ್ರದ ಉಸ್ತುವಾರಿ ವೈದ್ಯರಿಗೆ ಕೊಡಬೇಕು, ಸಮಾಧಾನ ಆಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ. ಮಂಡಳಿಯ ವಿಳಾಸ, ಫೋನ್ ನಂಬರನ್ನು ಕೇಂದ್ರದ ಗೋಡೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಮನೆಯವರನ್ನು ಸೇರಿಸಲು ಹೋದವರು ದೇವರ ಫೋಟೋ ನೋಡುವ ಮೊದಲು ಈ ಬೋರ್ಡು ಉಂಟಾ ಅಂತ ನೋಡಿ.

ರೋಗಿ ಇನ್ನೂ ಒಳಗೇ ಇದ್ದರೆ? ತಾನೇ ಒಪ್ಪಿ ಸೇರಿದ ವಯಸ್ಕ ಹೊರಡುತ್ತೇನೆ ಎಂದರೆ ಬಿಡಬೇಕು. ವಿಶೇಷ ಸಂದರ್ಭದಲ್ಲಿ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದು, ಅಷ್ಟೆ. ಒಪ್ಪಿಗೆ ಇಲ್ಲದೆ ಸೇರಿಸುವುದಾದರೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲ ಹಂತದಲ್ಲಿ 30 ದಿನವೇ ಮಿತಿ. ಮಂಡಳಿಗೂ ತಿಳಿಸಬೇಕು. ನಮ್ಮ ಹುಡುಗನ ವಿಷಯದಲ್ಲಿ ಇದ್ಯಾವುದೂ ಆಗಿರಲಿಲ್ಲ. ಕೇಂದ್ರ ಬಿಡುವುದೇ ಇಲ್ಲ ಎಂದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಬಹುದು, ಅಂದರೆ ಕೂಡಿ ಹಾಕಿದವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂಬ ಅರ್ಜಿ. ಆದರೆ ನಮ್ಮ ಉಡುಪಿ, ಮಂಗಳೂರು ಕಡೆಯವರಿಗೆ ಹೈಕೋರ್ಟು ಎಂದರೆ ಘಾಟಿ ಹತ್ತಿ ಬೆಂಗಳೂರಿಗೆ ಹೋಗಬೇಕು. ಅಕ್ರಮವಾಗಿ ಕೂಡಿ ಹಾಕಿದವರನ್ನು ಹುಡುಕಿ ತರಲು ಇಲ್ಲಿಯ ಮ್ಯಾಜಿಸ್ಟ್ರೇಟರೇ ವಾರಂಟು ಹೊರಡಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಕಲಂ ನೋಡಿ. ವಕೀಲರೂ ಇದನ್ನು ಮರೆಯುತ್ತಾರೆ.

ಈಗ ಠಾಣೆಯ ವಿಷಯ. "ನನ್ನ ತಮ್ಮನಿಗೆ ಹೊಡೆದಿದ್ದಾರೆ" ಎಂದಷ್ಟೇ ಬರೆದು ಕೊಟ್ಟರೆ, "ಇದು ಅಸಂಜ್ಞೇಯ, ಕೋರ್ಟಿಗೆ ಹೋಗಿ" ಎಂದು ಕಳಿಸಿಬಿಡಬಹುದು. ಅಸಂಜ್ಞೇಯ ಎಂದರೆ ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧ, ಸಂಜ್ಞೇಯ ಎಂದರೆ ಅಪ್ಪಣೆ ಇಲ್ಲದೆಯೇ ತನಿಖೆ ಮಾಡಬಹುದಾದದ್ದು. ಸಾದಾ ಗಾಯ ಮಾಡುವುದು ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಸಂಜ್ಞೇಯವೇ. ಆದರೆ ಅಕ್ರಮವಾಗಿ ಕೂಡಿ ಹಾಕುವುದು ಸಂಜ್ಞೇಯ. 10 ದಿನ ಅಥವಾ ಜಾಸ್ತಿ ಆದರೆ 5 ವರ್ಷದವರೆಗೆ ಶಿಕ್ಷೆ ಉಂಟು. ಎರಡೂ ಒಂದೇ ದೂರಿನಲ್ಲಿದ್ದರೆ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ. ಹಾಗಾಗಿ ಎಷ್ಟು ದಿನ ಬೀಗ ಹಾಕಿದ್ದರು, ಫೋನಿಗೆ ಬಿಟ್ಟರಾ, ಯಾವುದರಿಂದ ಹೊಡೆದರು ಎಲ್ಲವನ್ನೂ ಬರೆಯಿರಿ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಉಡುಪಿಯಲ್ಲಿ ಎಸ್‌ಪಿಗೆ, ಮಂಗಳೂರು ನಗರದಲ್ಲಿ ಕಮಿಷನರಿಗೆ ಅಂಚೆಯಲ್ಲಿ ಕಳಿಸಿ. ಆಮೇಲೆ ಮ್ಯಾಜಿಸ್ಟ್ರೇಟರು ಇದ್ದಾರೆ.

ರೋಗಿ ಮಹಿಳೆಯ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಕೇಂದ್ರದವರ ಜೊತೆ ಒಂದು ಮಾತೂ ಬೇಡ, ನೇರ ಠಾಣೆಗೆ ಹೋಗಿ. ಆಸ್ಪತ್ರೆಯ ಸಿಬ್ಬಂದಿ ಅಲ್ಲಿಯ ಮಹಿಳೆಯ ಮೇಲೆ ಅತ್ಯಾಚಾರ ಮಾಡಿದರೆ ಕನಿಷ್ಠ 10 ವರ್ಷ ಕಠಿಣ ಸಜೆ.

ಠಾಣೆಗಿಂತ ಮೊದಲು ಗಾಯ ತೋರಿಸಬೇಕು. ಮಂಗಳೂರಿನಲ್ಲಾದರೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆ, ಉಡುಪಿಯಲ್ಲಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಹೇಗಾಯಿತು ಎಂದು ಸ್ಪಷ್ಟವಾಗಿ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ, ಮಾಡಿಸಿ. "ಬಿದ್ದದ್ದು" ಎಂದು ಒಮ್ಮೆ ಬರೆಸಿದರೆ ಮುಂದೆ ನನ್ನಂಥ ವಕೀಲರು ವರ್ಷಗಟ್ಟಲೆ ಆ ಒಂದು ಶಬ್ದದ ಜೊತೆ ಗುದ್ದಾಡಬೇಕು. ಚಿಕಿತ್ಸೆಯ ದಾಖಲೆಗೂ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡುವುದು ವೈದ್ಯರ ಕರ್ತವ್ಯ. ದಾಖಲೆಯೇ ಇಲ್ಲ ಎಂದು ಅವರು ಬರೆದುಕೊಟ್ಟರೆ ಅದೂ ನಿಮಗೆ ಒಳ್ಳೆಯ ಸಾಕ್ಷಿ.

ಪರಿಹಾರದ ಹಣಕ್ಕೆ ಗ್ರಾಹಕ ಆಯೋಗ ಇದೆ, ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ. ಘಟನೆಯಿಂದ 2 ವರ್ಷದೊಳಗೆ ಹೋಗಬೇಕು. ಕಟ್ಟಿದ ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. "ಹೊಡೆದ ಹುಡುಗ ಗುತ್ತಿಗೆಯವನು, ನಮ್ಮವನಲ್ಲ" ಎಂಬ ಉತ್ತರ ಬರುತ್ತದೆ, ನೋಡಿ. ಹೆದರಬೇಡಿ. ದುಡ್ಡು ತೆಗೆದುಕೊಂಡು ಸೇವೆ ಕೊಟ್ಟ ಸಂಸ್ಥೆಯೇ ಉತ್ತರ ಹೇಳಬೇಕು. ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆಯ ಮೇಲೆ ಮಾತ್ರ ಈ ದಾರಿ ಇಲ್ಲ. ಅಲ್ಲಿಯ ಸಿಬ್ಬಂದಿ ಮೇಲೆ ಲೋಕಾಯುಕ್ತಕ್ಕೆ, ಇಲ್ಲವೇ ಒಂದು ವರ್ಷದೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದು.

ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವೂ ಇದೆ. ಉಡುಪಿಯವರು ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿಗೆ ಹೋದರೆ ಆಯಿತು. ವಕೀಲರಿಗೆ ದುಡ್ಡಿಲ್ಲದವರು ಉಚಿತ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ.

ಹತ್ತು ಜನ ಕಟ್ಟಿಕೊಂಡು ಹೋಗಿ ಗಾಜು ಒಡೆಯುವವರೂ ಇದ್ದಾರೆ. ನಮ್ಮೂರಲ್ಲಿ ಸಿಟ್ಟು ಬೇಗ ಬರುತ್ತದೆ, ಅಲ್ವಾ? ಆದರೆ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಬೇರೆಯೇ ಕಾಯ್ದೆ ಇದೆ. ಜಾಮೀನಿಲ್ಲದ ಅಪರಾಧ, ಜೈಲು ಶಿಕ್ಷೆ ಉಂಟು. ನೀವು ಗಾಜು ಒಡೆದ ದಿನವೇ ಅವರ ಕೈ ಮೇಲಾಗುತ್ತದೆ.

ಮಲ್ಪೆಯ ಕೇಸಿನಲ್ಲಿ ಕೇಂದ್ರದವರು ಮೂರನೇ ದಿನವೇ ಫೋನ್ ಮಾಡಿದರು. ಪೂರ್ತಿ ಫೀಸು ವಾಪಸ್ ಕೊಡುತ್ತೇವೆ, ದೂರಿಲ್ಲ ಎಂದು ಒಂದು ಕಾಗದಕ್ಕೆ ಸಹಿ ಹಾಕಿ ಎಂದರು. ಅಕ್ಕ ಸ್ವಲ್ಪ ಒಲಿದಿದ್ದರು. ಅಷ್ಟು ಹೊತ್ತು ಸುಮ್ಮನಿದ್ದ ತಮ್ಮ ಬಾಯಿ ತೆರೆದ. "40 ದಿನವೂ ಅಲ್ಲಿ 25 ಜನರಿಗೆ ಗಂಜಿ ಬೇಯಿಸಿದ್ದು ನಾನು. ಅದರ ಲೆಕ್ಕ?"

ಗ್ರಾಹಕ ಆಯೋಗದ ದೂರಿನಲ್ಲಿ ಪೆಟ್ಟಿನ ಪರಿಹಾರದ ಕೆಳಗೆ ಇನ್ನೊಂದು ಸಾಲು ಸೇರಿಸಿದೆವು: ಅಡುಗೆ ಕೆಲಸದ ಕೂಲಿ, 40 ದಿನ.