ಹಳೇ ಕಾರಿಗೆ ಸರ್ಕಾರದ ದುಡ್ಡು: ಬಂದವನು ಹೊಸ ಗಿರಾಕಿಯೋ, ಮುಂದಿನ ತಿಂಗಳ ಗಿರಾಕಿಯೋ?

2009ರ ಜುಲೈ ಕೊನೆಯ ವಾರ. ಅಮೆರಿಕದ ಕಾರು ಡೀಲರ್‌ಗಳ ವರ್ಕ್‌ಶಾಪ್‌ಗಳಲ್ಲಿ ಮೆಕ್ಯಾನಿಕ್‌ಗಳಿಗೆ ಒಂದು ವಿಚಿತ್ರ ಕೆಲಸ ಬಂತು. ತಾನಾಗೇ ಓಡಿಕೊಂಡು ಬಂದ ಕಾರಿನ ಎಂಜಿನ್ ಆಯಿಲ್ ಪೂರ್ತಿ ಇಳಿಸಬೇಕು. ಆಯಿಲ್ ಬದಲು ಸೋಡಿಯಂ ಸಿಲಿಕೇಟ್ ಬೆರೆಸಿದ ನೀರು ಹಾಕಬೇಕು, ಸುಮಾರು ಎರಡು ಲೀಟರ್. ಆಮೇಲೆ ಸ್ಟಾರ್ಟ್ ಮಾಡಿ, 2,000 ಆರ್‌ಪಿಎಂನಲ್ಲಿ ಎಕ್ಸಲರೇಟರ್ ಹಿಡಿದುಕೊಳ್ಳಬೇಕು. ಎಂಜಿನ್ ಬಿಸಿಗೆ ನೀರು ಆವಿಯಾಗುತ್ತದೆ. ಉಳಿದದ್ದು ಗಾಜಿನ ಹಾಗೆ ಗಟ್ಟಿಯಾಗಿ ಬೇರಿಂಗ್‌ಗಳಿಗೆ ಮೆತ್ತಿಕೊಳ್ಳುತ್ತದೆ. ಕೆಲವೇ ನಿಮಿಷ, ಎಂಜಿನ್ ಸೀಜ್. ಮತ್ತೆ ಯಾವತ್ತೂ ತಿರುಗದು.

ನಮ್ಮೂರಿನ ಗ್ಯಾರೇಜ್‌ನಲ್ಲಿ ‘ಎಂಜಿನ್ ಸೀಜ್ ಆಯ್ತು’ ಅಂದರೆ ಎದೆ ಝಲ್ ಅನ್ನುತ್ತದೆ. ಅಲ್ಲಿ ಅದನ್ನೇ ಬೇಕಂತಲೇ ಮಾಡುತ್ತಿದ್ದರು. ಮಾಡಿದರೆ ಮಾತ್ರ ಸರ್ಕಾರದ ದುಡ್ಡು. ಒಂದು ಕಾರಿಗೆ 3,500 ಡಾಲರ್, ಇಲ್ಲವೇ 4,500 ಡಾಲರ್.

ಇದು ‘ಕ್ಯಾಶ್ ಫಾರ್ ಕ್ಲಂಕರ್ಸ್’ ಅಂತ ಹೆಸರಾದ ಯೋಜನೆ. ಹಳೇ ಡಕೋಟಾ ಕೊಡಿ, ದುಡ್ಡು ತಗೊಳ್ಳಿ, ಹೊಸ ಕಾರು ಕೊಳ್ಳಿ ಅಂತ ಅರ್ಥ. ಹಳೇ ವಾಹನ ಗುಜರಿಗೆ ಹಾಕಿದವರಿಗೆ ಸರ್ಕಾರ ದುಡ್ಡು ಕೊಡುವ ಪದ್ಧತಿ ಇಲ್ಲಿಂದ ಶುರುವಾದದ್ದಲ್ಲ. ಆದರೆ ಅದರ ಲಾಭ ನಷ್ಟವನ್ನು ಅರ್ಥಶಾಸ್ತ್ರಜ್ಞರು ಇಷ್ಟು ಚೆನ್ನಾಗಿ ಅಳೆದು ನೋಡಿದ್ದು ಈ ಯೋಜನೆಯಲ್ಲೇ. ಈಗ ನಮ್ಮಲ್ಲೂ ಗುಜರಿ ನೀತಿ ಬಂದಿದೆ. ಹಾಗಾಗಿ ಆ ಲೆಕ್ಕ ನಾವೂ ಒಮ್ಮೆ ಓದಬೇಕು.

ಮೊದಲು ಫ್ರಾನ್ಸ್‌ಗೆ ಹೋಗೋಣ. 1994ರ ಫೆಬ್ರುವರಿಯಲ್ಲಿ ಪ್ರಧಾನಿ ಬಲಾಡೂರ್ ಅವರ ಸರ್ಕಾರ, ಹತ್ತು ವರ್ಷ ದಾಟಿದ ಕಾರನ್ನು ಗುಜರಿಗೆ ಹಾಕಿ ಹೊಸದು ಕೊಂಡವರಿಗೆ 5,000 ಫ್ರಾಂಕ್ ಕೊಡುತ್ತೇವೆ ಅಂದಿತು. ಜನ ಅದಕ್ಕೆ ‘ಬಲಾಡುರೆಟ್’ ಅಂತ ಹೆಸರಿಟ್ಟರು. ಮುಂದಿನ ವರ್ಷ ಜುಪ್ಪೆ ಪ್ರಧಾನಿಯಾದರು, ‘ಜುಪೆಟ್’ ಬಂತು. ಎರಡೂ ಸಲ ಕಾರು ಮಾರಾಟ ಜಿಗಿಯಿತು. ಯೋಜನೆ ಮುಗಿದ ಮೇಲೆ ಬಿತ್ತು. ಅಡ್ಡಾ ಮತ್ತು ಕೂಪರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2000ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಲ್ಪಕಾಲಕ್ಕೆ ಮಾರಾಟ ಏರುತ್ತದೆ, ಆಮೇಲೆ ಅದೇ ಮಾರುಕಟ್ಟೆಯನ್ನು ಕೆಳಗೆ ಎಳೆಯುತ್ತದೆ ಅಂತ.

ಕಾರಣ ಸರಳ. ಕಾರು ದಿನಾ ಕೊಳ್ಳುವ ಹಾಲಲ್ಲ. ಈ ವರ್ಷ ಕೊಂಡವನು ಮುಂದಿನ ವರ್ಷ ಕೊಳ್ಳುವುದಿಲ್ಲ. ದೀಪಾವಳಿ ಸೇಲ್‌ನಲ್ಲಿ ಸೀರೆ ತಗೊಂಡವರು ಸಂಕ್ರಾಂತಿಗೆ ಅಂಗಡಿ ಕಡೆ ಬರಲ್ಲ, ಅಲ್ವಾ? ಇದೂ ಹಾಗೇ.

ಈ ಪಾಠ ಗೊತ್ತಿದ್ದರೂ 2009ರಲ್ಲಿ ಒಂದಾದ ಮೇಲೊಂದು ದೇಶ ಇದೇ ದಾರಿ ಹಿಡಿಯಿತು. ಆ ಹೊತ್ತಿನ ಗಾಬರಿ ಅಂಥದ್ದು. ಬ್ಯಾಂಕ್‌ಗಳು ಕುಸಿದಿದ್ದವು. ಕ್ರೈಸ್ಲರ್ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತ್ತು, ಜನರಲ್ ಮೋಟರ್ಸ್ ಜೂನ್ 1ರಂದು. ಕಾರ್ಖಾನೆ ನಿಂತರೆ ಅದರ ಸುತ್ತಲ ಊರೂ ನಿಲ್ಲುತ್ತದೆ. ಆ ಭಯ ಸುಳ್ಳಲ್ಲ. ಆಗ ಏನಾದರೂ ಮಾಡಲೇಬೇಕಿತ್ತು ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಎಲ್ಲಕ್ಕಿಂತ ದೊಡ್ಡದು ಜರ್ಮನಿಯ ಯೋಜನೆ. ಒಂಬತ್ತು ವರ್ಷ ದಾಟಿದ ಕಾರಿಗೆ 2,500 ಯೂರೊ. ಸರ್ಕಾರ ಕೊಟ್ಟ ಹೆಸರು ‘ಪರಿಸರ ಪ್ರೋತ್ಸಾಹಧನ’. ಜನ ಕರೆದದ್ದು ‘ಅಬ್‌ವ್ರಾಕ್‌ಪ್ರೇಮಿಯ’, ಅಂದರೆ ಗುಜರಿ ಇನಾಮು. ಆ ವರ್ಷದ ಜರ್ಮನ್ ಪದವಾಗಿ ಅದೇ ಆಯ್ಕೆಯಾಯಿತು. 150 ಕೋಟಿ ಯೂರೊ ಸಾಕು ಅಂದುಕೊಂಡಿದ್ದರು, ಕೊನೆಗೆ 500 ಕೋಟಿ ಇಡಬೇಕಾಯಿತು. ಸುಮಾರು 20 ಲಕ್ಷ ಕಾರು ಗುಜರಿಗೆ ಹೋದವು. ಹೊಸ ಕಾರುಗಳ ನೋಂದಣಿ 2008ರಲ್ಲಿ ಸುಮಾರು 31 ಲಕ್ಷ ಇದ್ದದ್ದು 2009ರಲ್ಲಿ 38 ಲಕ್ಷ ಆಯಿತು. 2010ರಲ್ಲಿ 29 ಲಕ್ಷಕ್ಕೆ ಇಳಿಯಿತು. ಮೂರು ವರ್ಷದ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಅರ್ಧ ಕತೆ ಅಲ್ಲೇ ಸಿಗುತ್ತದೆ.

ಇಲ್ಲೊಂದು ಕುತೂಹಲದ ವಿಷಯ ಇದೆ. ಜರ್ಮನಿ ಮತ್ತು ಇಂಥದ್ದೇ ಯೋಜನೆ ತಂದ ಬ್ರಿಟನ್‌ನ ದುಡ್ಡಿನ ಒಂದು ಪಾಲು ಭಾರತಕ್ಕೂ ಬಂತು. ಗುಜರಿ ಹಣ ಹಿಡಿದು ಬಂದವರು ಹೆಚ್ಚಾಗಿ ಕೊಂಡದ್ದು ಚಿಕ್ಕ ಕಾರು. ಬ್ರಿಟನ್‌ನಲ್ಲಿ ಈ ಯೋಜನೆಯಿಂದ ಚೆನ್ನಾಗಿ ಬಿಕರಿಯಾದ ಹ್ಯುಂಡೈ ಐ10 ತಯಾರಾಗುತ್ತಿದ್ದದ್ದು ಚೆನ್ನೈ ಪಕ್ಕದ ಶ್ರೀಪೆರಂಬುದೂರಿನಲ್ಲಿ. ಮಾರುತಿಯ ಎ-ಸ್ಟಾರ್ ಮಾನೇಸರದಿಂದ ಹೊರಟು ಯುರೋಪಿನಲ್ಲಿ ‘ಆಲ್ಟೊ’ ಹೆಸರಲ್ಲಿ ಮಾರಾಟವಾಯಿತು. ಮಾರುತಿಯ ರಫ್ತು 2008-09ರಲ್ಲಿ ಸುಮಾರು 70 ಸಾವಿರ ಕಾರು, ಮರುವರ್ಷ 1.47 ಲಕ್ಷ. ಯುರೋಪಿನ ಸರ್ಕಾರಗಳ ಕೈ ಬಿಗಿಯಾದ ಮೇಲೆ 1.38 ಲಕ್ಷಕ್ಕೆ ಇಳಿಯಿತು. ತಮ್ಮ ದೇಶದ ಕಾರ್ಖಾನೆ ಉಳಿಸಲು ಕೊಟ್ಟ ತೆರಿಗೆ ಹಣ ಎಲ್ಲೆಲ್ಲಿಗೆ ಹರಿಯುತ್ತದೆ ನೋಡಿ!

ಈಗ ಅಮೆರಿಕದ ಲೆಕ್ಕ. ಷರತ್ತು ಹೀಗಿತ್ತು: ಹಳೇ ಕಾರಿನ ಮೈಲೇಜ್ ಗ್ಯಾಲನ್‌ಗೆ 18 ಮೈಲಿ ಅಥವಾ ಕಡಿಮೆ ಇರಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಏಳೂವರೆ ಕಿಲೋಮೀಟರ್ ಆಸುಪಾಸು. ಹೊಸದು ಅದಕ್ಕಿಂತ ಜಾಸ್ತಿ ಕೊಡಬೇಕು. ಮೊದಲು ಇಟ್ಟ 100 ಕೋಟಿ ಡಾಲರ್ ಒಂದು ವಾರ ಕಳೆಯುವಷ್ಟರಲ್ಲಿ ಖಾಲಿಯಾಗುತ್ತಾ ಬಂತು. ಗಡಿಬಿಡಿಯಲ್ಲಿ ಇನ್ನೂ 200 ಕೋಟಿ ಸೇರಿಸಿದರು. ಆಗಸ್ಟ್ 24ಕ್ಕೆ ಬಾಗಿಲು ಹಾಕಿದಾಗ ಸುಮಾರು 6.77 ಲಕ್ಷ ಕಾರು ಬದಲಾಗಿದ್ದವು. ಜನ ಅತಿ ಹೆಚ್ಚು ತಂದುಕೊಟ್ಟದ್ದು ಫೋರ್ಡ್ ಎಕ್ಸ್‌ಪ್ಲೋರರ್, ಅತಿ ಹೆಚ್ಚು ಕೊಂಡದ್ದು ಟೊಯೊಟಾ ಕೊರೊಲಾ.

ಆಗಸ್ಟ್‌ನಲ್ಲಿ ದೇಶದಾದ್ಯಂತ ಸುಮಾರು 12.6 ಲಕ್ಷ ವಾಹನ ಮಾರಾಟವಾದವು. ಸೆಪ್ಟೆಂಬರ್‌ನಲ್ಲಿ ಏಳೂವರೆ ಲಕ್ಷವೂ ಆಗಲಿಲ್ಲ.

ಆತಿಫ್ ಮಿಯಾನ್ ಮತ್ತು ಆಮಿರ್ ಸೂಫಿ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ಜಾಣ ದಾರಿ ಹುಡುಕಿದರು. ಕೆಲವು ಊರುಗಳಲ್ಲಿ ಯೋಜನೆಗೆ ಅರ್ಹವಾದ ಹಳೇ ಕಾರು ಜಾಸ್ತಿ, ಕೆಲವು ಊರುಗಳಲ್ಲಿ ಕಡಿಮೆ. ಎರಡನ್ನೂ ಹೋಲಿಸಿದರೆ ಯೋಜನೆಯಿಂದ ಏನಾಯಿತು ಅಂತ ಬೇರೆ ಮಾಡಿ ನೋಡಬಹುದು. ಅವರಿಗೆ ಸಿಕ್ಕ ಉತ್ತರ: ಆ ಎರಡು ತಿಂಗಳಲ್ಲಿ ಯೋಜನೆಯಿಂದಲೇ ಹೆಚ್ಚಾದ ಮಾರಾಟ ಸುಮಾರು 3.7 ಲಕ್ಷ ಕಾರು. ಉಳಿದ ಮೂರು ಲಕ್ಷ ಜನ ದುಡ್ಡು ಕೊಡದಿದ್ದರೂ ಆಗಲೇ ಕೊಳ್ಳುತ್ತಿದ್ದವರು. ಅವರಿಗೆ ಸಿಕ್ಕಿದ್ದು ಸುಮ್ನೆ ಬಂದ ಉಡುಗೊರೆ. ಆ 3.7 ಲಕ್ಷವಾದರೂ ನಿಂತಿತಾ? ಇಲ್ಲ. 2010ರ ಮಾರ್ಚ್ ಹೊತ್ತಿಗೆ ಹೆಚ್ಚುಕಮ್ಮಿ ಅಷ್ಟೂ ಮಾರಾಟ ವಾಪಸ್ ಕಡಿಮೆಯಾಗಿತ್ತು. ಮುಂದಿನ ತಿಂಗಳುಗಳಲ್ಲಿ ಬರಬೇಕಿದ್ದ ಗಿರಾಕಿ ಆಗಸ್ಟ್‌ನಲ್ಲೇ ಬಂದಿದ್ದ, ಅಷ್ಟೇ. ಹಳೇ ಕಾರು ಹೆಚ್ಚಿದ್ದ ಊರುಗಳಲ್ಲಿ ಕೆಲಸ ಹೆಚ್ಚಾದ ಸುಳಿವೂ ಅವರಿಗೆ ಸಿಗಲಿಲ್ಲ.

ಇನ್ನೊಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೋಕ್‌ಸ್ಟ್ರಾ, ಪುಲ್ಲರ್, ವೆಸ್ಟ್ ಎಂಬ ಮೂವರದ್ದು. ಇವರು 18 ಮೈಲಿಯ ಗೆರೆಯನ್ನೇ ಹಿಡಿದರು. 18 ಕೊಡುವ ಕಾರಿನ ಮನೆಗೆ ದುಡ್ಡು ಸಿಗುತ್ತದೆ, 19 ಕೊಡುವ ಕಾರಿನ ಮನೆಗೆ ಇಲ್ಲ. ಬೇರೆಲ್ಲದರಲ್ಲೂ ಎರಡೂ ಮನೆ ಹೆಚ್ಚುಕಮ್ಮಿ ಒಂದೇ ಥರ. ಹತ್ತು ತಿಂಗಳ ಆಸುಪಾಸಿನಲ್ಲಿ ಎರಡೂ ಕಡೆ ಕೊಂಡ ಕಾರುಗಳ ಸಂಖ್ಯೆ ಸಮ ಆಗಿತ್ತು. ಆದರೆ ದುಡ್ಡು ಸಿಕ್ಕವರು ಮೈಲೇಜ್ ಷರತ್ತಿಗಾಗಿ ಚಿಕ್ಕ, ಅಗ್ಗದ ಕಾರು ಕೊಂಡಿದ್ದರು. ಪರಿಣಾಮವಾಗಿ ಕಾರು ಉದ್ಯಮಕ್ಕೆ ಬರಬೇಕಿದ್ದ ಹಣ ಸುಮಾರು 300 ಕೋಟಿ ಡಾಲರ್ ಕಡಿಮೆಯಾಯಿತು ಅಂತ ಅವರ ಲೆಕ್ಕ. ಉದ್ಯಮ ಎತ್ತಲು ಸರ್ಕಾರ ಇಟ್ಟ ಹಣವೂ ಅಷ್ಟೇ, 300 ಕೋಟಿ! ಒಂದೇ ಯೋಜನೆಗೆ ಎರಡು ಕೆಲಸ ಹೊರಿಸಿದ್ದರಿಂದ ಹೀಗಾಯಿತು. ಕಾರ್ಖಾನೆಗೂ ದುಡ್ಡು ಬರಬೇಕು, ಗಾಳಿಯೂ ಸ್ವಚ್ಛ ಆಗಬೇಕು. ಮೈಲೇಜ್ ಷರತ್ತು ಎರಡನೆಯದಕ್ಕೆ ಒಳ್ಳೆಯದು, ಮೊದಲನೆಯದಕ್ಕೆ ಏಟು.

ಬ್ರೂಕಿಂಗ್ಸ್ ಸಂಸ್ಥೆಯ ಗೇಯರ್ ಮತ್ತು ಪಾರ್ಕರ್ 2013ರಲ್ಲಿ ಹಾಕಿದ ಲೆಕ್ಕದಲ್ಲಿ, ಒಂದು ಉದ್ಯೋಗ ಸೃಷ್ಟಿಗೆ ತಗುಲಿದ ಖರ್ಚು 14 ಲಕ್ಷ ಡಾಲರ್.

ಇಷ್ಟೆಲ್ಲ ಓದಿದ ಮೇಲೂ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಸೀಜ್ ಆದ ಎಂಜಿನ್‌ಗಳೇ. ಕಾರು ಒಬ್ಬರ ಕೈಯಲ್ಲೇ ಹುಟ್ಟಿ ಸಾಯುವುದಿಲ್ಲ. ಮೊದಲ ಮಾಲೀಕ ಮಾರುತ್ತಾನೆ, ಎರಡನೆಯವನು ಓಡಿಸುತ್ತಾನೆ, ಮೂರನೆಯವನಿಗೆ ಅದು ಜೀವನದ ಮೊದಲ ಕಾರು. ನಡೆಯುವ ಕಾರನ್ನು ಬೇಕಂತಲೇ ಕೊಂದಾಗ ಆ ಮೂರನೆಯವನ ಪಾಲಿನದು ಕಿತ್ತುಹೋಗುತ್ತದೆ. ಹೊಸ ಕಾರು ಕೊಳ್ಳುವ ಶಕ್ತಿ ಇದ್ದವರಿಗೆ ಸರ್ಕಾರದ ದುಡ್ಡು, ಇಲ್ಲದವರಿಗೆ ಸೆಕೆಂಡ್ ಹ್ಯಾಂಡ್ ಕಾರೂ ಕಡಿಮೆ. ಇದು ನ್ಯಾಯ ಅಲ್ಲ.

ನಮ್ಮ ದೇಶದ ನೀತಿ ಬಂದದ್ದು 2021ರಲ್ಲಿ. ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಘೋಷಿಸಿದರು, ಮಾರ್ಚ್‌ನಲ್ಲಿ ನಿತಿನ್ ಗಡ್ಕರಿ ಸಂಸತ್ತಿನಲ್ಲಿ ವಿವರ ಕೊಟ್ಟರು, ಆಗಸ್ಟ್ 13ರಂದು ಪ್ರಧಾನಿ ಚಾಲನೆ ಕೊಟ್ಟರು. ಆ ಮಾರ್ಚ್‌ನಲ್ಲೇ ಕೇಂದ್ರದ ಅಂಕಿಅಂಶವೂ ಹೊರಬಂತು. 15 ವರ್ಷ ದಾಟಿದ ವಾಹನಗಳು ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು. ಅದರಲ್ಲಿ ಮೊದಲ ಸ್ಥಾನ ಕರ್ನಾಟಕಕ್ಕೆ, 70 ಲಕ್ಷದಷ್ಟು. ಕಾರು ಮಾತ್ರ ಅಲ್ಲ, ಎಲ್ಲ ಬಗೆಯ ವಾಹನ ಸೇರಿ. ಹಾಗಾಗಿ ಈ ನೀತಿ ನಮ್ಮ ಮನೆ ಬಾಗಿಲಿನ ವಿಷಯ.

ಅಮೆರಿಕ, ಜರ್ಮನಿಗೂ ನಮಗೂ ದೊಡ್ಡ ವ್ಯತ್ಯಾಸ ಒಂದಿದೆ. ಅಲ್ಲಿ ಖಜಾನೆಯಿಂದ ಕೈತುಂಬ ದುಡ್ಡು ಕೊಟ್ಟರು. ಇಲ್ಲಿ ಕೊಟ್ಟದ್ದು ರಿಯಾಯಿತಿ. ಗುಜರಿ ಕೇಂದ್ರದವರು ಹೊಸ ವಾಹನದ ಶೋರೂಂ ಬೆಲೆಯ ಶೇ 4ರಿಂದ 6ರಷ್ಟು ಕೊಡಬಹುದು ಅಂದರು. ರಸ್ತೆ ತೆರಿಗೆಯಲ್ಲಿ ಸ್ವಂತ ವಾಹನಕ್ಕೆ ಶೇ 25ರವರೆಗೆ, ಬಾಡಿಗೆ ಮತ್ತು ಸರಕು ವಾಹನಕ್ಕೆ ಶೇ 15ರವರೆಗೆ ವಿನಾಯಿತಿ ಕೊಡಿ ಅಂತ ರಾಜ್ಯಗಳಿಗೆ ಬಿಟ್ಟರು. ಕಂಪನಿಗಳು ಶೇ 5 ಡಿಸ್ಕೌಂಟ್ ಕೊಡಲಿ ಅಂತ ಸಲಹೆ ಮಾಡಿದರು. 2024ರ ಆಗಸ್ಟ್‌ನಲ್ಲಿ ಕಾರು ಕಂಪನಿಗಳು ಒಪ್ಪಿದ್ದು ಶೇ 1.5 ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅದು.

ಬೆಲ್ಲ ಇಷ್ಟು. ಬೆತ್ತ ಜಾಸ್ತಿ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. ಅಷ್ಟೇ ಹಳೆಯ ಬಸ್ಸು, ಲಾರಿಗಳ ಎಫ್‌ಸಿ (ಓಡಿಸಲು ಯೋಗ್ಯ ಅನ್ನುವ ಪತ್ರ) ಶುಲ್ಕ 1,500ರಿಂದ 12,500ಕ್ಕೆ ಹೋಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್‌ನಿಂದ ನವೀಕರಿಸುವಂತೆಯೇ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಐದು ಲಕ್ಷದ ಹೊಸ ಕಾರು ಕೊಳ್ಳಬೇಕು ಅಂತಿಟ್ಟುಕೊಳ್ಳಿ. ಕಂಪನಿಗಳು 2024ರಲ್ಲಿ ಒಪ್ಪಿದ ಶೇ 1.5 ಅಂದರೆ 7,500 ರೂಪಾಯಿ. ಹಳೇ ಕಾರಿನ ಗುಜರಿ ಬೆಲೆ 20ರಿಂದ 30 ಸಾವಿರ. ಚೆನ್ನಾಗಿ ಇಟ್ಟುಕೊಂಡ ಕಾರಾದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅದಕ್ಕಿಂತ ಹೆಚ್ಚೇ ಸಿಗುತ್ತದೆ. 5,000 ಕಟ್ಟಿದರೆ ಇನ್ನೈದು ವರ್ಷ ಓಡಿಸಬಹುದು. ಯಾರು ತಾನೆ ಗುಜರಿಗೆ ಹಾಕುತ್ತಾರೆ? ಹಾಕುವವರು ಹೇಗಿದ್ದರೂ ಹಾಕುವವರೇ. ಮಿಯಾನ್, ಸೂಫಿ ಲೆಕ್ಕದ ಆ ಮೂರು ಲಕ್ಷ ಜನರ ಥರ.

ಒಂದೇ ಲಾರಿ ಇಟ್ಟುಕೊಂಡು ಸಂಸಾರ ನಡೆಸುವವನ ಕಷ್ಟ ಬೇರೆ. ಹೊಗೆ ಜಾಸ್ತಿ ಬಿಡುವುದು ಅವನ ಹಳೇ ಲಾರಿಯೇ, ನಿಜ. ಆದರೆ 15 ವರ್ಷದ ಲಾರಿ ಓಡಿಸುವವನು ಹೊಸ ಲಾರಿಯ ಗಿರಾಕಿ ಅಲ್ಲ. ಅವನು ಕೊಳ್ಳುವುದಾದರೆ ಏಳೆಂಟು ವರ್ಷ ಹಳೆಯದನ್ನು. ಹೊಸ ವಾಹನಕ್ಕೆ ಮಾತ್ರ ಸಿಗುವ ಡಿಸ್ಕೌಂಟ್ ಅವನ ಕೈಗೆ ಬರುವುದೇ ಇಲ್ಲ. ಗಾಳಿ ಸ್ವಚ್ಛ ಆಗಬೇಕಾದರೆ ದುಡ್ಡು ಕೊಡಬೇಕಾದದ್ದು ಇವನಿಗೆ, ಬಿಎಸ್-6 (ಹೊಗೆಯ ಹೊಸ ಮಾನದಂಡ) ಅಲ್ಲದಿದ್ದರೂ ಅವನ ಈಗಿನದಕ್ಕಿಂತ ಹೊಸದಾದ ಸೆಕೆಂಡ್ ಹ್ಯಾಂಡ್ ಲಾರಿಗೆ. ಕಾರು ಬದಲಾಯಿಸುವ ನಮ್ಮಂಥವರಿಗಲ್ಲ.

ನಮ್ಮ ನೀತಿಯಲ್ಲಿ ಮೆಚ್ಚುವ ಅಂಶವೂ ಇದೆ. ನಡೆಯುವ ಎಂಜಿನ್ ಸಾಯಿಸಿ ಅಂತ ಎಲ್ಲಿಯೂ ಇಲ್ಲ. ಸರ್ಕಾರಿ ವಾಹನ ಬಿಟ್ಟರೆ, ಎಫ್‌ಸಿ ಪಾಸಾದ ವಾಹನವನ್ನು ಸಾಮಾನ್ಯವಾಗಿ ಓಡಿಸಬಹುದು. ಗುಜರಿ ಕೇಂದ್ರಕ್ಕೆ ಕೊಟ್ಟಾಗ ಸಿಗುವ ಠೇವಣಿ ಪ್ರಮಾಣಪತ್ರವನ್ನು ಬೇರೆಯವರಿಗೆ ಮಾರಲೂಬಹುದು. ಅಂದರೆ ಹೊಸದು ಕೊಳ್ಳಲಾಗದವನಿಗೂ ಅದರಿಂದ ನಾಲ್ಕು ಕಾಸು ಹುಟ್ಟುವ ದಾರಿ ಇದೆ. ಇದನ್ನು ಬಹಳ ಜನರಿಗೆ ಯಾರೂ ಹೇಳಿಲ್ಲ. ಶಿವಾಜಿನಗರದ ಗುಜರಿ ಅಂಗಡಿಯವರಿಗೆ ಗಾಡಿ ಕೊಟ್ಟರೆ ಕೈಗೆ ನಗದು ಸಿಗುತ್ತದೆ, ಈ ಪತ್ರ ಸಿಗುವುದಿಲ್ಲ. ಗಾಡಿಯ ಹೆಸರು ಆರ್‌ಟಿಒ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ.

ನೋಂದಾಯಿತ ಕೇಂದ್ರದಲ್ಲಿ ಕೆಲಸ ಹೀಗೆ ನಡೆಯಬೇಕು: ಬ್ಯಾಟರಿ ತೆಗೆದು, ಆಯಿಲ್, ಪೆಟ್ರೋಲ್, ಎಸಿ ಗ್ಯಾಸ್ ಇಳಿಸಿ, ಆಮೇಲೆ ಬಾಡಿ ಕತ್ತರಿಸುತ್ತಾರೆ. ಚಾಸಿ ನಂಬರ್ ಇರುವ ತುಂಡನ್ನು ಮಾತ್ರ ಬೇರೆ ಕತ್ತರಿಸಿ ಆರು ತಿಂಗಳು ಜೋಪಾನವಾಗಿ ಇಡಬೇಕು ಅಂತ ನಿಯಮ. ನಿಮ್ಮ ಗಾಡಿ ಕೊಟ್ಟರೆ, ಪ್ರಮಾಣಪತ್ರದ ಜೊತೆ ಆ ತುಂಡನ್ನೂ ಒಮ್ಮೆ ಕೇಳಿ ನೋಡಿಕೊಂಡು ಬನ್ನಿ.