ಕಾನ್ಫಿಡೆನ್ಸ್ ಇಂಟರ್ವಲ್: ಓವರ್‌ಲ್ಯಾಪ್ ಆದ ಮಾತ್ರಕ್ಕೆ ಸಮ ಅಲ್ಲ

ಎರಡು ಸರಾಸರಿ. ಎರಡಕ್ಕೂ ಮೇಲೆ ಕೆಳಗೆ ಚಾಚಿದ ಒಂದೊಂದು ಗೆರೆ. ಗೆರೆಗಳು ತುದಿಯಲ್ಲಿ ಚೂರು ಓವರ್‌ಲ್ಯಾಪ್ ಆಗಿವೆ. ಕೆಳಗೆ ತೀರ್ಪು: "ಇಂಟರ್ವಲ್‌ಗಳು ಓವರ್‌ಲ್ಯಾಪ್ ಆಗಿರುವುದರಿಂದ ವ್ಯತ್ಯಾಸವಿಲ್ಲ." ಈ ವಾರ ಇದನ್ನು ಮತ್ತೆ ಓದಿದೆ. ಬರೆದವರು ಲೆಕ್ಕ ಬರದವರೇನಲ್ಲ. ಅದೇ ಬೇಜಾರು.

ಮೊದಲು ಪದ. ಇಂಟರ್ವಲ್ ಅಂದರೆ ನಮಗೆ ಸಿನಿಮಾದ ನಡುವಿನ ಬಿಡುವು. ಮೂಲದಲ್ಲಿ ಅದು ಲ್ಯಾಟಿನ್ನಿನ ಇಂಟರ್‌ವಾಲಮ್, ಅಂದರೆ ಕೋಟೆಗೋಡೆಗಳ ನಡುವಿನ ಜಾಗ. ಈ ಚಿತ್ರ ನನಗೆ ಇಷ್ಟ. ಈಚೆಗೊಂದು ಗೋಡೆ, ಆಚೆಗೊಂದು ಗೋಡೆ, ನಡುವೆ ಎಲ್ಲೋ ನಿಜವಾದ ಸರಾಸರಿ ಇದೆ ಅಂತ ನಮ್ಮ ಅಂದಾಜು. ಇದನ್ನು ಕನ್ನಡದಲ್ಲಿ 'ವಿಶ್ವಾಸದ ಅಂತರ' ಅಂದರೆ ಎರಡು ತೊಡಕು. ವಿಶ್ವಾಸ ಅಂದ ಕೂಡಲೇ ಪ್ರೀತಿ ವಿಶ್ವಾಸ ನೆನಪಾಗುತ್ತದೆ. ಅಂತರ ಅಂದರೆ ವ್ಯತ್ಯಾಸ ಅಂತಲೂ ಅರ್ಥ. ಸರಾಸರಿಗಳನ್ನು ಹೋಲಿಸುವಾಗ 'ಅಂತರದ ವಿಶ್ವಾಸದ ಅಂತರ' ಅಂತ ಬರೆಯಬೇಕಾಗುತ್ತದೆ! ಅದಕ್ಕೇ ನಾನು ಇಂಟರ್ವಲ್ ಅಂತಲೇ ಬರೆಯುತ್ತೇನೆ.

'ಕಾನ್ಫಿಡೆನ್ಸ್' ಅನ್ನುವ ಹೆಸರಿನ ಮೇಲೆ ಹುಟ್ಟಿದಾಗಲೇ ತಕರಾರು ಇತ್ತು. ಸಂಖ್ಯಾಶಾಸ್ತ್ರಜ್ಞ ಯೆರ್ಜಿ ನೇಮನ್ 1934ರಲ್ಲಿ ಲಂಡನ್ನಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮುಂದೆ ಈ ವಿಚಾರ ಇಟ್ಟಾಗ, ಈ ಕಾನ್ಫಿಡೆನ್ಸ್ ಅನ್ನುವುದು ನಂಬಿಸಿ ಟೋಪಿ ಹಾಕುವ 'ಕಾನ್ಫಿಡೆನ್ಸ್ ಟ್ರಿಕ್' ಅಲ್ಲ ತಾನೇ ಎಂದು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಆರ್ಥರ್ ಬೌಲಿ ಅನುಮಾನ ಪಟ್ಟಿದ್ದರು. ನೇಮನ್ ಹೇಳಿದ್ದು ವಿಧಾನದ ಬಗ್ಗೆ. ಶೇ. 95ರ ಇಂಟರ್ವಲ್ ಅಂದರೆ, ಹೊಸ ಹೊಸ ಸ್ಯಾಂಪಲ್ (ಎಲ್ಲರ ಪರವಾಗಿ ಆರಿಸಿದ ಕೆಲವರು) ತೆಗೆದು ಇದೇ ರೀತಿ ಗೋಡೆ ಕಟ್ಟುತ್ತಾ ಹೋದರೆ, ನೂರಕ್ಕೆ ಸುಮಾರು 95 ಸಲ ನಿಜವಾದ ಸರಾಸರಿ ಒಳಗಿರುತ್ತದೆ. ಶೇ. 95 ಜನರ ಅಂಕ ಅದರೊಳಗೆ ಬರುತ್ತದೆ ಅಂತಲ್ಲ. ಅದು ಬೇರೆಯೇ ಸಂಗತಿ.

ಈಗ ಅಸಲು ಜಗಳಕ್ಕೆ ಬರೋಣ. ಎರಡು ಬೇರೆ ಬೇರೆ ದೊಡ್ಡ ಗುಂಪುಗಳು, ಒಂದೇ ಪರೀಕ್ಷೆ. ಒಂದರ ಸರಾಸರಿ 50, ಇನ್ನೊಂದರದು 53. ಎರಡರ ಸ್ಟ್ಯಾಂಡರ್ಡ್ ಎರರ್ (ಸ್ಯಾಂಪಲ್ ಬದಲಾದಂತೆ ಸರಾಸರಿ ಎಷ್ಟು ಅಲುಗಾಡಬಹುದು ಅನ್ನುವ ಅಳತೆ) ಕೂಡ 1. ಶೇ. 95ಕ್ಕೆ ಸರಾಸರಿಯ ಎರಡೂ ಬದಿಗೆ ಇದರ 1.96 ಪಟ್ಟು, ಅಂದರೆ ಸುಮಾರು 2, ಹೋಗಬೇಕು. ಹಾಗಾದರೆ ಶೇ. 95ರ ಇಂಟರ್ವಲ್‌ಗಳು ಸುಮಾರು 48ರಿಂದ 52, ಮತ್ತು 51ರಿಂದ 55. 51ರಿಂದ 52ರವರೆಗೆ ಓವರ್‌ಲ್ಯಾಪ್ ಇದೆ. ವ್ಯತ್ಯಾಸ ಇಲ್ಲ, ಅಲ್ವಾ?

ಇದೆ. ನಮ್ಮ ಪ್ರಶ್ನೆ ಇರುವುದು ವ್ಯತ್ಯಾಸದ ಬಗ್ಗೆ. ಹಾಗಾಗಿ ಇಂಟರ್ವಲ್ ಕಟ್ಟಬೇಕಾದ್ದೂ ವ್ಯತ್ಯಾಸಕ್ಕೇ. ವ್ಯತ್ಯಾಸ 3. ಅದರ ಸ್ಟ್ಯಾಂಡರ್ಡ್ ಎರರ್ 1 ಕೂಡಿಸು 1, ಅಂದರೆ 2 ಅಲ್ಲ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು, 1.41 ಬರುತ್ತದೆ. 1.96ರಿಂದ ಗುಣಿಸಿದರೆ 2.77. ಅಂದರೆ ವ್ಯತ್ಯಾಸದ ಇಂಟರ್ವಲ್ 0.23ರಿಂದ 5.77. ಸೊನ್ನೆ, ಅಂದರೆ 'ವ್ಯತ್ಯಾಸವೇ ಇಲ್ಲ' ಅನ್ನುವುದು, ಅದರ ಹೊರಗಿದೆ.

ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕವೇ ಇದು. ಎರಡು ಬದಿಗಳ ಮೇಲೆ ನಡೆದು ಹೋಗುವುದಕ್ಕಿಂತ ಕರ್ಣದ ದಾರಿ ಹತ್ತಿರ. ಓವರ್‌ಲ್ಯಾಪ್ ನೋಡಿ ತೀರ್ಪು ಕೊಡುವವರು ಬದಿಗಳನ್ನು ಕೂಡಿಸುತ್ತಿದ್ದಾರೆ. ಒಂದು ಸರಾಸರಿ ತನ್ನ ಗೋಡೆಯ ಮೇಲಿನ ತುದಿಗೆ ಹೋಗಬೇಕು, ಅದೇ ಹೊತ್ತಿಗೆ ಇನ್ನೊಂದು ಕೆಳಗಿನ ತುದಿಗೆ ಇಳಿಯಬೇಕು ಅನ್ನುವ ಲೆಕ್ಕ ಅದು. ಎರಡೂ ಒಟ್ಟಿಗೆ ಹಾಗೆ ಎಡವುವುದು ಅಪರೂಪ. ಸ್ಟ್ಯಾಂಡರ್ಡ್ ಎರರ್ ಎರಡಕ್ಕೂ ಒಂದೇ ಇದ್ದು, ಶೇ. 95ರ ಗೆರೆಗಳು ತುದಿಯಲ್ಲಿ ಬರೀ ಮುಟ್ಟಿಕೊಂಡರೆ ಪಿ-ವ್ಯಾಲ್ಯೂ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ವಾಡಿಕೆಯ ಗಡಿಯಾದ 0.05 ಆಗಿರುವುದಿಲ್ಲ, ಹೆಚ್ಚುಕಮ್ಮಿ 0.006 ಆಗಿರುತ್ತದೆ. ಕಣ್ಣಳತೆಯಲ್ಲೇ ತೀರ್ಮಾನ ಆಗಬೇಕು ಅನ್ನುವ ಹಟ ಇದ್ದರೆ ಸುಮಾರು ಶೇ. 83ರ ಗೆರೆ ಎಳೆಯಬೇಕು. ಯಾರು ಎಳೆಯುತ್ತಾರೆ?

ತಿರುಗಿಸಿ ನೋಡಿದರೆ ನಿಯಮ ಸರಿಯೇ. ಬೇರೆ ಬೇರೆ ಗುಂಪುಗಳ ಶೇ. 95ರ ಗೆರೆಗಳು ಮುಟ್ಟದೇ ಇದ್ದರೆ ವ್ಯತ್ಯಾಸದ ಇಂಟರ್ವಲ್ಲಿನಲ್ಲಿ ಸೊನ್ನೆ ಇರುವುದಿಲ್ಲ. ಈ ಅರ್ಧ ಸತ್ಯದಿಂದಲೇ ಉಳಿದ ಅರ್ಧ ಸುಳ್ಳು ಬದುಕಿಕೊಂಡಿದೆ ಅನ್ನಿಸುತ್ತದೆ.

ಅದೇ ಜನರನ್ನು ಎರಡು ಸಲ ಅಳೆದಾಗಲಂತೂ ಓವರ್‌ಲ್ಯಾಪ್ ನೋಡುವುದೇ ದಂಡ. ಇಪ್ಪತ್ತು ಜನರ ತೂಕದ ಸರಾಸರಿ 70 ಕಿಲೋದಿಂದ 68ಕ್ಕೆ ಇಳಿಯಿತು ಅಂದುಕೊಳ್ಳಿ. ಇಂಟರ್ವಲ್‌ಗಳು 64ರಿಂದ 76, ಮತ್ತು 62ರಿಂದ 74. ಬಹುಪಾಲು ಒಂದರ ಮೇಲೊಂದು. ಆದರೆ ಇಪ್ಪತ್ತೂ ಜನ ಒಂದರಿಂದ ಮೂರು ಕಿಲೋ ಇಳಿದಿದ್ದರೆ? ಆ ಅಗಲ ಬಂದಿದ್ದು ಒಬ್ಬರು ದಪ್ಪ, ಇನ್ನೊಬ್ಬರು ಸಣ್ಣ ಅನ್ನುವುದರಿಂದ. ಅದಕ್ಕೂ ಇಳಿಕೆಗೂ ಸಂಬಂಧವೇ ಇಲ್ಲ. ಇಳಿಕೆಯನ್ನೇ ತೆಗೆದುಕೊಂಡು ಇಂಟರ್ವಲ್ ಕಟ್ಟಿದರೆ ಅದು 2 ಕಿಲೋದ ಆಸುಪಾಸಿನಲ್ಲೇ, ಸೊನ್ನೆಯಿಂದ ದೂರ ಇರುತ್ತದೆ.

ಇನ್ನು ವ್ಯತ್ಯಾಸದ ಇಂಟರ್ವಲ್ಲಿನಲ್ಲೇ ಸೊನ್ನೆ ಸಿಕ್ಕಿದಾಗಲೂ 'ಎರಡೂ ಒಂದೇ' ಅಂತ ಬರೆಯುವವರಿದ್ದಾರೆ. ನೂರು ಅಂಕದ ಪರೀಕ್ಷೆಯಲ್ಲಿ −0.2ರಿಂದ 0.3 ಅಂದರೆ ಸರಿ, ವ್ಯತ್ಯಾಸ ಇದ್ದರೂ ಲೆಕ್ಕಕ್ಕಿಲ್ಲ. ಅದೇ −1ರಿಂದ 9 ಅಂದರೆ? ಒಂದು ಅಂಕ ಕಡಿಮೆಯೂ ಇರಬಹುದು, ಒಂಬತ್ತು ಜಾಸ್ತಿಯೂ ಇರಬಹುದು. ಡೇಟಾ ಸಾಲದು ಅಂತ ಅರ್ಥ.

ಕೆಲವು ಚಿತ್ರಗಳಲ್ಲಿ ಗೆರೆ ಯಾವುದರದ್ದು ಅಂತಲೇ ಹಾಕಿರುವುದಿಲ್ಲ. ಸ್ಟ್ಯಾಂಡರ್ಡ್ ಎರರ್ ಗೆರೆ ಶೇ. 95ರ ಗೆರೆಯ ಅರ್ಧದಷ್ಟು ಉದ್ದ. ಅವು ಮುಟ್ಟದೇ ಇದ್ದರೂ ವ್ಯತ್ಯಾಸ ಇದೆ ಅನ್ನಲು ಬರುವುದಿಲ್ಲ. ಹೆಸರಿಲ್ಲದ ಗೆರೆ ಕಂಡರೆ ನಾನು ಪುಟ ತಿರುಗಿಸುತ್ತೇನೆ.