ಟೆಕ್ನಿಕ್ ಹೆಸರೆಲ್ಲ ಬರೆದ್ರೂ ಮಾರ್ಕ್ಸ್ ಯಾಕೆ ಬರಲ್ಲ?

ಪ್ರತಿ ಪರೀಕ್ಷೆ ಮುಗಿದ್ಮೇಲೂ ಅಪ್ಪ-ಅಮ್ಮಂದಿರಿಂದ ಬರೋ ಪ್ರಶ್ನೆ ಇದು (ಟೆಕ್ನಿಕ್ ಅಂದ್ರೆ ಓದೋರನ್ನ ಒಪ್ಪಿಸೋಕೆ ಬರೆಯೋರು ಬಳಸೋ ತಂತ್ರ). ಈ ಸಲ ಉತ್ತರ ಬರೆದಿಟ್ಬಿಡ್ತೀನಿ, ಇನ್ಮುಂದೆ ಯಾರು ಕೇಳಿದ್ರೂ ಇದನ್ನೇ ಕಳಿಸೋದು. "ಮನವೊಲಿಸೋ ಭಾಷೆ ಪಾಠದಲ್ಲಿ ನಮ್ಮ ಮಗಳಿಗೆ ಎಲ್ಲಾ ಟೆಕ್ನಿಕ್ ಬಾಯಿಗೆ ಬರುತ್ತೆ, ಉತ್ತರದಲ್ಲಿ ಒಂದೂ ಬಿಡದೆ ಬರೆದಿದಾಳೆ, ಆದ್ರೂ ಅರ್ಧಕ್ಕರ್ಧ ಮಾರ್ಕ್ಸ್ ಹೋಗಿದೆ, ಯಾಕೆ?"

ಹೆಸರು ಹೇಳಿದಾಳೆ, ವಿಶ್ಲೇಷಣೆ ಮಾಡಿಲ್ಲ, ಅದಕ್ಕೆ.

ಟೆಕ್ನಿಕ್ ಹುಡುಕಿ ಹೆಸರಿಟ್ರೆ ಕೆಲಸ ಮುಗೀತು ಅನ್ನೋ ನಂಬಿಕೆ ಇದೆಯಲ್ಲ, ಅದನ್ನ ಎಷ್ಟು ಸಲ ಕಿತ್ತು ಹಾಕಿದ್ರೂ ಮತ್ತೆ ಚಿಗುರುತ್ತೆ. "ಇಲ್ಲಿ ಆಲಂಕಾರಿಕ ಪ್ರಶ್ನೆ ಬಳಸಲಾಗಿದೆ, ಇದು ಓದುಗರ ಗಮನ ಸೆಳೆಯುತ್ತದೆ." (ಆಲಂಕಾರಿಕ ಪ್ರಶ್ನೆ ಅಂದ್ರೆ ಉತ್ತರ ಬೇಕು ಅಂತಲ್ಲ, ಪರಿಣಾಮಕ್ಕೆ ಅಂತ ಕೇಳೋ ಪ್ರಶ್ನೆ.) ಈ ವಾಕ್ಯ ಓದಿ ಓದಿ ನಂಗೆ ಸಾಕಾಗಿ ಹೋಗಿದೆ. ಇದನ್ನ ಸೋಪಿನ ಜಾಹೀರಾತಿಗೂ ಅಂಟಿಸ್ಬಹುದು, ಚುನಾವಣಾ ಭಾಷಣಕ್ಕೂ ಅಂಟಿಸ್ಬಹುದು, ಎಲ್ಲದಕ್ಕೂ ಹೊಂದೋ ಉತ್ತರ ಅಂದ್ರೆ ಎದುರಿಗಿರೋದನ್ನ ಓದೇ ಇಲ್ಲ ಅಂತ ತಾನೇ?

ಒಂದೇ ಒಂದು ವಾಕ್ಯ ತಗೊಳ್ಳಿ. "ಇನ್ನೆಷ್ಟು ದಿನ ನಾವು ನಮ್ಮ ಮಕ್ಕಳ ಸಂಜೆಗಳನ್ನು ಕಸಿದುಕೊಳ್ಳುತ್ತಾ ಇರೋಣ?" ಹೋಂವರ್ಕ್ ಬೇಡ ಅನ್ನೋ ಲೇಖನದ್ದು ಅಂದ್ಕೊಳ್ಳಿ. ಪ್ರಶ್ನೆ ಅನ್ನೋದು ಎಲ್ಲರಿಗೂ ಕಾಣುತ್ತೆ, ಅದನ್ನ ಬಿಡಿ. 'ಇನ್ನೆಷ್ಟು ದಿನ' ನೋಡಿ, ಇದು ಈಗಾಗ್ಲೇ ತುಂಬಾ ಆಯ್ತು ಅನ್ನೋದನ್ನ ಸಾಬೀತು ಮಾಡದೇ ಒಳಗೆ ನುಗ್ಗಿಸಿಬಿಡುತ್ತೆ. 'ನಾವು' ಅಂದ್ರೆ ತಪ್ಪಿನಲ್ಲಿ ಓದುಗನಿಗೂ ಪಾಲು ಕೊಟ್ಟಂಗೆ, ಆದ್ರೆ ಬರೆದೋನೂ ಪಕ್ಕದಲ್ಲೇ ನಿಂತಿರೋದ್ರಿಂದ ಬೈಸ್ಕೊಂಡ ಹಾಗನ್ಸಲ್ಲ. ಇನ್ನು 'ಕಸಿದುಕೊಳ್ಳು', ಅಲ್ಲೇ ಇರೋದು ನಿಜವಾದ ಕೈಚಳಕ. ಹೋಂವರ್ಕ್ ಅನ್ನೋ ಮಾತೇ ಇಲ್ಲ, ಬದಲಿಗೆ ಕಳ್ಳತನ ಬಂತು, ಸಂಜೆ ಮಕ್ಕಳ ಸ್ವತ್ತಾಯ್ತು, ಈಗ ಒಪ್ಪದೇ ಇದ್ದೋನು ಕಳ್ಳರ ಪರ. "ಸಂಜೆ ಹೋಂವರ್ಕ್ ಕೊಡೋದನ್ನ ಮುಂದುವರಿಸಬೇಕಾ?" ಅಂತ ಬದಲಾಯಿಸಿ ನೋಡಿ, ಇದೂ ಪ್ರಶ್ನೇನೇ, ಆದ್ರೆ 'ಹೂಂ, ಮುಂದುವರಿಸಿ' ಅನ್ನೋಕೆ ಯಾರಿಗೂ ಮುಜುಗರ ಆಗಲ್ಲ. ಇಷ್ಟೇ ನಾನು ಕ್ಲಾಸಲ್ಲಿ ಮಾಡ್ಸೋದು, ಒಂದು ಪದ ತೆಗೀರಿ, ಸಪ್ಪೆ ಪದ ಇಡಿ, ಏನು ಕಳೆದೋಯ್ತು ಹೇಳಿ. ಕಳೆದೋಗಿದ್ದನ್ನ ಬರೆದ್ರೆ ಅದೇ ವಿಶ್ಲೇಷಣೆ, ಟೆಕ್ನಿಕ್ ಹೆಸರು ಮರೆತೋದ್ರೂ ನಾನು ಮಾರ್ಕ್ಸ್ ಕೊಡ್ತೀನಿ.

ಹಳಬರನ್ನೇ ನೋಡಿ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಮನವೊಲಿಸೋಕೆ ಹೇಳಿದ ಮೂರು ದಾರಿಗಳನ್ನ (ಮಾತಾಡೋನ ಮೇಲಿನ ನಂಬಿಕೆ, ಕೇಳೋರ ಭಾವನೆ, ತರ್ಕ) ಮಕ್ಕಳು ಈಥೋಸ್, ಪೇಥೋಸ್, ಲೋಗೋಸ್ ಅಂತ ಮಗ್ಗಿ ಥರ ಒಪ್ಪಿಸ್ತಾರೆ. ಆದ್ರೆ ಆ ಪುಣ್ಯಾತ್ಮ ಹೆಸರಿಟ್ಟು ಎದ್ದು ಹೋಗ್ಲಿಲ್ಲ, ಜನಕ್ಕೆ ಕೋಪ ಯಾರ ಮೇಲೆ ಯಾಕೆ ಬರುತ್ತೆ, ಹುಡುಗ್ರ ಮನಸ್ಸು ಹೇಗೆ, ವಯಸ್ಸಾದೋರ ಮನಸ್ಸು ಹೇಗೆ ಅಂತೆಲ್ಲ ಉದ್ದಕ್ಕೆ ಬರೆದ. ಕೇಳೋನು ಯಾರು ಅನ್ನೋದೇ ಅವನಿಗೆ ಮುಖ್ಯ ಆಗಿತ್ತು.

1988ರಲ್ಲಿ ಲೆವಿನ್ ಮತ್ತು ಗೇತ್ ಅನ್ನೋ ಸಂಶೋಧಕರು ಒಂದೇ ಕೊಚ್ಚಿದ ಮಾಂಸಕ್ಕೆ ಕೆಲವರ ಹತ್ರ '75% ಕೊಬ್ಬಿಲ್ಲದ್ದು' ಅಂತ, ಇನ್ನು ಕೆಲವರ ಹತ್ರ '25% ಕೊಬ್ಬು' ಅಂತ ಹೇಳಿದ್ರು. ಮೊದಲನೇದು ಕೇಳಿದೋರಿಗೇ ಅದು ಜಾಸ್ತಿ ಚೆನ್ನಾಗಿದೆ ಅನ್ನಿಸ್ತು. ಆದ್ರೆ ತಿಂದು ನೋಡಿದ್ಮೇಲೆ ಆ ವ್ಯತ್ಯಾಸ ಕಮ್ಮಿ ಆಯ್ತು. ಇದು ನಂಗೆ ತುಂಬಾ ಇಷ್ಟವಾದ ಭಾಗ, ಯಾಕಂದ್ರೆ ಅದೇ ಪದ ಎಲ್ಲರ ಮೇಲೂ ಒಂದೇ ಸಮ ಕೆಲಸ ಮಾಡಲ್ಲ, ಓದೋನಿಗೆ ಸ್ವಂತ ಅನುಭವ ಇದ್ರೆ ಹಿಡಿತ ಸಡಿಲ ಆಗುತ್ತೆ. 'ಗಮನ ಸೆಳೆಯುತ್ತದೆ' ಅಂತ ಬರೆಯೋರು ಯಾರ ಗಮನ ಅಂತಾನೂ ಬರೀಬೇಕು ಅನ್ನೋದು ಇದಕ್ಕೇ.

ಬರೆಸೋವಾಗ್ಲೂ ಇದೇ ಸೂತ್ರ. ಒಂದೇ ಬೇಡಿಕೇನ ಹೆಡ್‌ಮಾಸ್ಟರಿಗೊಂದು, ಕ್ಲಾಸ್‌ಮೇಟ್ಸ್‌ಗೊಂದು ಅಂತ ಎರಡು ಸಲ ಬರೆಸಿ, ಹೆಡ್‌ಮಾಸ್ಟರ್ ಮೊದಲು ಎತ್ತೋ ಆಕ್ಷೇಪಣೆ ಏನು ಅಂತ ಊಹಿಸಿ ಅದಕ್ಕೆ ಉತ್ತರ ಸೇರಿಸೋಕೆ ಹೇಳಿ.

ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೀನಿ, ಅಂಕಿಅಂಶ ಹುಟ್ಟಿಸೋ ಚಟದ ಬಗ್ಗೆ. '90% ಜನ ಹೋಂವರ್ಕ್ ವಿರೋಧಿಸ್ತಾರೆ' ಅಂತ ಮಕ್ಕಳು ಹಾಯಾಗಿ ಬರೀತಾರೆ, ಯಾವಾಗ್ಲೂ 90ಏ, 61 ಅಂತ ಯಾರೂ ಬರೆಯಲ್ಲ. ಯಾರನ್ನ ಕೇಳಿದ್ರಿ ಅಂದ್ರೆ ನಗ್ತಾರೆ. ಬೇರೆಯವರ ಜಾಹೀರಾತಲ್ಲಿ ಇದನ್ನೇ ಮೋಸ ಅಂತ ಗುರುತಿಸಿದ ಮಕ್ಕಳೇ ಇವರು! ಅಂಕಿ ಬೇಕೇ ಬೇಕು ಅಂದ್ರೆ ತಾವೇ ಎಣಿಸ್ಲಿ ಅಂತೀನಿ. ನಿನ್ನೆ ಹೋಂವರ್ಕ್ ಎಷ್ಟು ಜನ ಕಾಪಿ ಹೊಡೆದ್ರು ಅಂತ ಕ್ಲಾಸಲ್ಲೇ ಕೈ ಎತ್ತಿಸ್ಲಿ, ನಾನು ಬೇಕಾದ್ರೆ ಆಚೆ ಹೋಗಿ ನಿಂತಿರ್ತೀನಿ.